ದಿನಕ್ಕೊಂದು ಲೋಟ ನೀರು: ಮನಿ ಪ್ಲಾಂಟ್ ರಿಪೇರಿಯ ದಿನಚರಿ

ದಿನ 0, ಬೆಳಿಗ್ಗೆ

ಐದು ಎಲೆ ಹಳದಿ. ಎಲ್ಲಾ ಬುಡದ ಕಡೆಯವು. ಮೇಲಿನ ಎಲೆಗಳು ಇನ್ನೂ ಹಸಿರಾಗಿದ್ದವು, ಆದರೆ ಹಿಂಡದೆ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ಗಿಡ ಬಾಡಿದೆ ಅಂದರೆ ನೀರು ಬೇಕು ಅಂತ ತಾನೇ ಅರ್ಥ? ನಾಲ್ಕು ದಿನದಿಂದ ನಾನು ಅದೇ ಲೆಕ್ಕದಲ್ಲಿ ಒಂದು ಲೋಟದ ಬದಲು ಎರಡು ಲೋಟ ಹಾಕುತ್ತಾ ಬಂದಿದ್ದೆ. ಗಿಡ ಇನ್ನಷ್ಟು ಬಾಡಿತು.

ಈ ಮನಿ ಪ್ಲಾಂಟ್ ಕೊಟ್ಟವಳು ಅಕ್ಕ. ಮೂರು ತುಂಡು ನೆಟ್ಟು, ಬೇರು ಬರಿಸಿ, ಕೈಗೆ ಕೊಟ್ಟಿದ್ದಳು. ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು.

"ನೀರು ಜಾಸ್ತಿ ಹಾಕಿದೀಯ ಅಲ್ವಾ?"

"ಇಲ್ಲಕ್ಕಾ, ಒಂದೇ ಲೋಟ."

"ವಾರಕ್ಕಾ?"

"ದಿನಕ್ಕೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕುಂಡ ಬಿಚ್ಚಿ ಬೇರು ನೋಡೋ, ಈಗಲೇ. ಸಂಜೆ ತನಕ ಕಾಯಬೇಡ" ಅಂದಳು.

ನೀರು ಜಾಸ್ತಿಯಾಗಿದ್ದಕ್ಕೆ ಸುಳಿವು ಮೊದಲೇ ಸಿಕ್ಕಿತ್ತು. ಎರಡು ವಾರದ ಹಿಂದೆ ಬೆಳಿಗ್ಗೆ ಹೊತ್ತು ಎಲೆಯ ತುದಿಯಲ್ಲಿ ಒಂದೊಂದು ನೀರಿನ ಹನಿ ನಿಂತಿರುತ್ತಿತ್ತು. ಎಷ್ಟು ಚೆನ್ನಾಗಿದೆ ಅಂತ ಫೋಟೋ ಬೇರೆ ತೆಗೆದಿದ್ದೆ. ಮಣ್ಣು ತುಂಬಾ ಹಸಿಯಾಗಿದ್ದಾಗ ರಾತ್ರಿ ಬೇರು ನೀರನ್ನು ಮೇಲಕ್ಕೆ ನೂಕುತ್ತದೆ, ಅದು ಎಲೆ ಅಂಚಿನಿಂದ ಹನಿಯಾಗಿ ಹೊರಬರುತ್ತದೆ. ಒಂದೆರಡು ಸಲ ಕಂಡರೆ ಏನೂ ತೊಂದರೆ ಇಲ್ಲ. ದಿನಾ ಕಂಡರೆ ನೀರಿನ ಜಗ್ಗನ್ನು ಒಂದು ವಾರ ಎತ್ತಿಡಬೇಕು. ನಾನು ಎತ್ತಿಡಲಿಲ್ಲ.

ದಿನ 0, ಮಧ್ಯಾಹ್ನ: ಕುಂಡ ಬಿಚ್ಚಿದ್ದು

ಮೊದಲು ತೂಗಿದೆ. ಅಡುಗೆಮನೆಯ ತಕ್ಕಡಿಯಲ್ಲಿ 4 ಕೆ.ಜಿ. 200 ಗ್ರಾಂ. ಪಿಂಗಾಣಿ ಕುಂಡದ ತೂಕವೂ ಸೇರಿದೆ ನಿಜ, ಆದರೂ ಮೂರು ಬಳ್ಳಿಗೆ ಇದು ವಿಪರೀತ. ಕುಂಡದ ಬಾಯಿ 20 ಸೆಂ.ಮೀ. ತಳದಲ್ಲಿ ತೂತಿಲ್ಲ. ತೂತಿಲ್ಲ ಅಂತ ಗೊತ್ತಿದ್ದೇ ತಂದಿದ್ದೆ. ಕೆಳಗೆ 5 ಸೆಂ.ಮೀ. ಜಲ್ಲಿ ಹಾಕಿದರೆ ನೀರು ಅಲ್ಲಿ ಇಳಿದು ನಿಲ್ಲುತ್ತದೆ, ಬೇರಿಗೆ ಮುಟ್ಟಲ್ಲ ಅನ್ನೋದು ನನ್ನ ಇಂಜಿನಿಯರಿಂಗ್.

ಹಳೇ ಪೇಪರ್ ಹಾಸಿ, ಬಳ್ಳಿಗಳ ಬುಡವನ್ನು ಬೆರಳ ಸಂದಿಯಲ್ಲಿ ಹಿಡಿದು, ಕುಂಡವನ್ನು ಬಗ್ಗಿಸಿದೆ. ಮಣ್ಣು ಉಂಡೆಯಾಗಿ ಬರಲಿಲ್ಲ, ಜಾರಿ ಬಂತು. ಹಿಂದೆಯೇ ವಾಸನೆ. ಕಟ್ಟಿದ ಚರಂಡಿ ತೆಗೆದಾಗ ಬರುತ್ತದಲ್ಲ, ಅದೇ. ಜಲ್ಲಿಯ ಮಧ್ಯೆ ಕಪ್ಪು ನೀರು ಕುಂಡದ ಅರ್ಧಕ್ಕಿಂತ ಸ್ವಲ್ಪ ಕೆಳಗಿನವರೆಗೂ ನಿಂತಿತ್ತು.

ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ಮಧ್ಯೆ ಇರುವ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ, ಅದರಿಂದ ಬೇರು ಆಮ್ಲಜನಕ ತಗೊಳ್ಳುತ್ತದೆ. ಆ ಜಾಗಕ್ಕೆಲ್ಲ ನೀರು ತುಂಬಿಬಿಟ್ಟರೆ ಕತೆ ಮುಗಿಯಿತು, ಯಾಕಂದರೆ ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಪಿಥಿಯಂ, ಫೈಟೋಫ್ತೋರಾ ಅನ್ನುವ ನೀರಿನ ಬೂಷ್ಟುಗಳು ಅಂಟಿಕೊಳ್ಳುತ್ತವೆ, ಅವು ಪಕ್ಕದ ಚೆನ್ನಾಗಿರುವ ಬೇರಿಗೂ ದಾಟುತ್ತವೆ. ಬೇರೇ ಇಲ್ಲದ ಮೇಲೆ ಎಲೆಗೆ ನೀರು ಏರಿಸುವವರು ಯಾರು? ಹಾಗಾಗಿ ಕುಂಡದ ತುಂಬಾ ನೀರಿದ್ದರೂ ಎಲೆ ಬಾಯಾರಿ ಬಾಡುತ್ತದೆ. ನೀರು ಕಮ್ಮಿಯಾದ ಗಿಡವೂ ನೀರು ಜಾಸ್ತಿಯಾದ ಗಿಡವೂ ದೂರದಿಂದ ಒಂದೇ ಥರ ಕಾಣುವುದು ಇದಕ್ಕೇ. ಮಣ್ಣಿಗೆ ಬೆರಳು ಹಾಕಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಎರಡು ತಿಂಗಳಲ್ಲಿ ಒಂದು ಸಲವೂ ಬೆರಳು ಹಾಕಿರಲಿಲ್ಲ.

ಬೇರುಗಳನ್ನು ನಲ್ಲಿಯ ಸಣ್ಣ ಧಾರೆಯ ಕೆಳಗೆ ಹಿಡಿದು ಮಣ್ಣೆಲ್ಲ ತೊಳೆದೆ. ಆಮೇಲೆ ಒಂದೊಂದೇ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಕೊಳೆತಿದ್ದು ತಕ್ಷಣ ಗೊತ್ತಾಗುತ್ತದೆ: ಮೇಲಿನ ಕಂದು ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬರುತ್ತದೆ, ಒಳಗಿನ ದಾರದಂಥ ನಾರು ಮಾತ್ರ ಗಿಡದಲ್ಲಿ ಉಳಿಯುತ್ತದೆ. ಚೆನ್ನಾಗಿರುವ ಬೇರು ಬಿಳಿ ಅಥವಾ ತಿಳಿ ಕೆನೆಬಣ್ಣ, ಬಾಗಿಸಿದರೆ ಗಟ್ಟಿ. ಬಣ್ಣವನ್ನು ಮಾತ್ರ ನಂಬಬೇಡಿ. ಕೋಕೋಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ಬೆಳೆದ ಒಳ್ಳೆಯ ಬೇರೂ ಕಂದಾಗಿ ಕಾಣಬಹುದು. ಎಳೆದು ನೋಡುವುದೇ ಸರಿಯಾದ ಪರೀಕ್ಷೆ.

ಲೆಕ್ಕ ಹೀಗೆ ಬಂತು. ಮೊದಲ ಬಳ್ಳಿಗೆ ಬೇರೂ ಹೋಗಿತ್ತು, ಕಾಂಡದ ಬುಡವೂ ಮೆತ್ತಗಾಗಿತ್ತು. ಎರಡನೆಯದಕ್ಕೆ ಬೇರೆಲ್ಲ ಹೋಗಿತ್ತು, ಕಾಂಡ ಗಟ್ಟಿ. ಮೂರನೆಯದಕ್ಕೆ ಏಳು ಬೇರು ಉಳಿದಿದ್ದವು. ಏಳೇ.

ಕತ್ತರಿಸುವುದು

ಕತ್ತರಿಯನ್ನು 70% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿಕೊಂಡೆ, ಕೊಳೆತ ಭಾಗ ಮುಟ್ಟಿದಾಗೆಲ್ಲ ಮತ್ತೆ ಒರೆಸಿದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮನಿ ಪ್ಲಾಂಟಿನ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಬೆಕ್ಕು, ನಾಯಿ, ಚಿಕ್ಕ ಮಕ್ಕಳು ಎಲೆ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕತ್ತರಿಸಿದ ಚೂರುಗಳನ್ನು ನೆಲದ ಮೇಲೆ ಬಿಟ್ಟು ಹೋಗಬೇಡಿ.

ಮೊದಲ ಬಳ್ಳಿಯನ್ನು ಬುಡದಿಂದ ಒಂದೊಂದೇ ಸೆಂಟಿಮೀಟರ್ ಕತ್ತರಿಸುತ್ತಾ ಬಂದೆ. ಮೊದಲನೇ ಬಿಲ್ಲೆ ಪೂರ್ತಿ ಕಂದು. ಎರಡನೆಯದರ ಅಂಚು ಹಸಿರು, ನಡುವೆ ಕಂದು ಚುಕ್ಕೆ. ಸಾಕು ಬಿಡು ಅನ್ನಿಸಿತು, ಆದರೆ ಆ ಚುಕ್ಕೆಯೇ ಕೊಳೆ. ಮೂರನೆಯದರಲ್ಲಿ ಚುಕ್ಕೆ ಮಸುಕಾಯಿತು. ನಾಲ್ಕನೇ ಬಿಲ್ಲೆ ಸ್ವಚ್ಛ, ತಿಳಿ ಹಸಿರು, ತೇವ. ಅಲ್ಲಿ ನಿಲ್ಲಿಸಿದೆ. ಒಂದು ಚುಕ್ಕೆ ಬಿಟ್ಟು ನಿಲ್ಲಿಸಿದ್ದರೆ ಅದು ಹತ್ತು ದಿನದಲ್ಲಿ ಮತ್ತೆ ಮೇಲಕ್ಕೆ ಹತ್ತುತ್ತಿತ್ತು.

ಮೊದಲ ಎರಡು ಬಳ್ಳಿಗಳಿಂದ ಆರು ತುಂಡು ಸಿಕ್ಕಿತು. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಗೆಣ್ಣು. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಸ್ವಲ್ಪ ಉಬ್ಬಿರುತ್ತದೆ, ಅದರ ಹಿಂಬದಿಯಲ್ಲಿ ಕಂದು ಬಣ್ಣದ ಸಣ್ಣ ಮೊಳೆಯಂಥ ಗಾಳಿಬೇರು ಇರುತ್ತದೆ. ಹೊಸ ಬೇರೂ ಹೊಸ ಚಿಗುರೂ ಬರುವುದು ಅಲ್ಲಿಂದಲೇ. ಬರೀ ಎಲೆ ಕಿತ್ತು ನೀರಿಗೆ ಹಾಕಿದರೆ ಅದು ತಿಂಗಳುಗಟ್ಟಲೆ ಹಸಿರಾಗಿ ನಿಂತಿರಬಹುದು, ಬಳ್ಳಿ ಮಾತ್ರ ಆಗುವುದಿಲ್ಲ. ಪ್ರತಿ ತುಂಡಿಗೂ ಒಂದು ಎಲೆ, ಒಂದು ಅಥವಾ ಎರಡು ಗೆಣ್ಣು ಬರುವ ಹಾಗೆ, ಗೆಣ್ಣಿನಿಂದ ಒಂದೆರಡು ಸೆಂ.ಮೀ. ಕೆಳಗೆ ಕತ್ತರಿಸಿದೆ. ಆರನ್ನೂ ಕಂದು ಬಣ್ಣದ ಗಾಜಿನ ಬಾಟಲಿಗಳಲ್ಲಿ ನೀರಿಗೆ ಇಳಿಸಿದೆ. ಗೆಣ್ಣು ನೀರಿನೊಳಗೆ, ಎಲೆ ಹೊರಗೆ. ಕಂದು ಬಾಟಲಿಗೆ ಬೇರೆ ಕಾರಣ ಇಲ್ಲ, ಬೆಳಕು ಕಮ್ಮಿ ಬಿದ್ದರೆ ಪಾಚಿ ಕಮ್ಮಿ.

ಮೂರನೇ ಬಳ್ಳಿಯ ಹಳದಿ ಎಲೆಗಳನ್ನು ತೆಗೆದೆ. ಹಳದಿ ಆದದ್ದು ಮತ್ತೆ ಹಸಿರಾಗುವುದಿಲ್ಲ. ಹಸಿರು ಎಲೆ ನಾಲ್ಕಿದ್ದವು, ಅವನ್ನು ಮುಟ್ಟಲಿಲ್ಲ. ಹೊಸ ಬೇರು ಬೆಳೆಸಲು ಬೇಕಾದದ್ದನ್ನು ತಯಾರಿಸುವುದು ಆ ನಾಲ್ಕೇ.

ದಿನ 0, ರಾತ್ರಿ: ಸ್ಪಂಜು ಮತ್ತು ಜಲ್ಲಿ

ಹೊಸ ಕುಂಡಕ್ಕೂ ಸ್ವಲ್ಪ ಜಲ್ಲಿ ಹಾಕೋಣ ಅಂತ ಕೈ ಹೋಗಿತ್ತು. ಅಭ್ಯಾಸ. ಆಗ ಅಕ್ಕ ಫೋನಿನಲ್ಲೇ ಒಂದು ಆಟ ಆಡಿಸಿದಳು. ನೀವೂ ಮಾಡಿ ನೋಡಿ, ಪಾತ್ರೆ ತೊಳೆಯುವ ಸ್ಪಂಜು ಸಾಕು.

ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ, ಮಲಗಿಸಿದ ಹಾಗೆ ಅಂಗೈ ಮೇಲೆ ಹಿಡಿಯಿರಿ. ನೀರು ಸುರಿದು, ತೊಟ್ಟಿಕ್ಕಿ, ಕೊನೆಗೆ ನಿಲ್ಲುತ್ತದೆ. ಇನ್ನು ಬರಲ್ಲ ಅನ್ನಿಸಿದಾಗ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರೂ ಅದೇ, ಎತ್ತರ ಮಾತ್ರ ಬೇರೆ.

ಮಣ್ಣೂ ಹೀಗೇ. ಸಣ್ಣ ರಂಧ್ರಗಳು ನೀರನ್ನು ಹಿಡಿದುಕೊಳ್ಳುತ್ತವೆ, ಭೂಮಿಯ ಸೆಳೆತ ಕೆಳಗೆ ಎಳೆಯುತ್ತದೆ. ಎರಡೂ ಸಮ ಆದಾಗ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ಮಣ್ಣು ಪೂರ್ತಿ ನೆನೆದೇ ಉಳಿಯುತ್ತದೆ, ತೂತಿದ್ದರೂ ಸಹ. ಆ ಎತ್ತರವನ್ನು ತೀರ್ಮಾನ ಮಾಡುವುದು ಮಣ್ಣಿನ ಗುಣವೇ ಹೊರತು ಕುಂಡದ ಆಳ ಅಲ್ಲ. ಕೆಳಗೆ ಜಲ್ಲಿ ಹಾಕಿದರೆ ನೀರು ಸಣ್ಣ ರಂಧ್ರ ಬಿಟ್ಟು ದೊಡ್ಡ ರಂಧ್ರಕ್ಕೆ ಸುಲಭಕ್ಕೆ ಇಳಿಯುವುದಿಲ್ಲ, ಮೇಲಿನ ಮಣ್ಣು ತುಂಬಿ ತುಳುಕಿದ ಮೇಲಷ್ಟೇ ಇಳಿಯುತ್ತದೆ. ಅಂದರೆ ಆ ನೆನೆದ ಪದರ ಜಲ್ಲಿಯ ಎತ್ತರದಷ್ಟು ಮೇಲಕ್ಕೆ ಬಂದು ಬೇರಿನ ಮಧ್ಯೆ ಕೂರುತ್ತದೆ. ಒಳಚರಂಡಿ ಅಂದುಕೊಂಡು ನಾನು ಕಟ್ಟಿದ್ದು ಅಟ್ಟ.

ಜಲ್ಲಿಯನ್ನು ಬಾಲ್ಕನಿಯ ಮೂಲೆಗೆ ಸುರಿದೆ.

ಮಣ್ಣಿನ ಮಿಶ್ರಣ, ಅಳತೆ ಡಬ್ಬದ ಲೆಕ್ಕದಲ್ಲಿ: ಕೋಕೋಪೀಟ್ 2, ಪರ್ಲೈಟ್ 1, ಎರೆಗೊಬ್ಬರ 1. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ನೀರು ತಿಳಿಯಾಗುವ ತನಕ ಮೂರು ಸಲ ತೊಳೆದು ಹಿಂಡಿದೆ, ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಪರ್ಲೈಟ್ ಅಂದರೆ ಜ್ವಾಲಾಮುಖಿಯ ಗಾಜನ್ನು ಕಾಯಿಸಿ ಅರಳಿಸಿದ್ದು. ಹಗುರ, ಬಿಳಿ, ಒಣಗಿದ್ದಾಗ ಸಿಕ್ಕಾಪಟ್ಟೆ ಧೂಳು. ಚೀಲದೊಳಗೇ ನೀರು ಚಿಮುಕಿಸಿ ಆಮೇಲೆ ತೆಗೆಯಿರಿ. ನಾನು ಚಿಮುಕಿಸದೆ ತೆಗೆದು ಹತ್ತು ನಿಮಿಷ ಕೆಮ್ಮಿದೆ.

ಕುಂಡ ಈ ಸಲ 12 ಸೆಂ.ಮೀ.ದು, ಮಾಮೂಲಿ ಪ್ಲಾಸ್ಟಿಕ್, ತಳದಲ್ಲಿ ಆರು ತೂತು. ಏಳು ಬೇರಿಗೆ 20 ಸೆಂ.ಮೀ. ಕುಂಡ ಕೊಟ್ಟರೆ ಬೇರಿಲ್ಲದ ಮಣ್ಣೇ ಜಾಸ್ತಿ, ಆ ಮಣ್ಣಿನ ನೀರನ್ನು ಕುಡಿಯುವವರಿಲ್ಲ. ದೊಡ್ಡ ಮನೆ ಕೊಟ್ಟರೆ ಗಿಡ ಬೇಗ ದೊಡ್ಡದಾಗುತ್ತದೆ ಅನ್ನೋದು ನನ್ನ ಇನ್ನೊಂದು ನಂಬಿಕೆಯಾಗಿತ್ತು, ಅದೂ ಹೋಯಿತು. ಕುಂಡ ಬದಲಿಸುವಾಗ ಬೇರಿನ ಉಂಡೆಗಿಂತ ಎರಡರಿಂದ ಐದು ಸೆಂ.ಮೀ. ಅಗಲ ಇದ್ದರೆ ಸಾಕು.

ನೆಟ್ಟು, ಮೇಲಿನಿಂದ ತಳದಲ್ಲಿ ಸೋರುವವರೆಗೂ ನೀರು ಹಾಕಿ, ಸೋರುವುದು ನಿಂತ ಮೇಲೆ ತೂಗಿದೆ. 690 ಗ್ರಾಂ. ಕುಂಡದ ಹೊರಗೆ ಮಾರ್ಕರಿನಲ್ಲಿ ಬರೆದೆ. ಈ ಇಡೀ ರಿಪೇರಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರು ಅಂಕಿ.

ದಿನ 3: ಪಿಂಗಾಣಿಗೆ ತೂತು

ಹಳೇ ಪಿಂಗಾಣಿ ಕುಂಡ ಸುಮ್ನೆ ಎಸೆಯಲು ಮನಸ್ಸಿಲ್ಲ. ಅದರ ಜೊತೆಗೆ ತಂದ ಇನ್ನೊಂದು ಚಿಕ್ಕದೂ ಇತ್ತು. ಎರಡಕ್ಕೂ ತೂತು ಕೊರೆಯೋಣ ಅಂತ ಕೂತೆ.

ಬೇಕಾದದ್ದು: ಬ್ಯಾಟರಿ ಡ್ರಿಲ್, 10 ಮಿ.ಮೀ. ಡೈಮಂಡ್ ಕೋರ್ ಬಿಟ್ (ತುದಿಯಲ್ಲಿ ವಜ್ರದ ಪುಡಿ ಅಂಟಿಸಿದ ಕೊಳವೆ ಥರದ್ದು), ಮಾಸ್ಕಿಂಗ್ ಟೇಪ್, ನೀರು, ಕನ್ನಡಕ. ವಯರ್ ಇರುವ ಡ್ರಿಲ್ ಬೇಡ, ಇಲ್ಲಿ ನೀರಿನ ಕೆಲಸ ಇದೆ. ಗೋಡೆಗೆ ಬಳಸುವ ಹ್ಯಾಮರ್ ಮೋಡ್ ಕಡ್ಡಾಯವಾಗಿ ಆಫ್.

ದೊಡ್ಡ ಕುಂಡವನ್ನು ಒದ್ದೆ ಟವೆಲ್ ಮೇಲೆ ಬೋರಲು ಹಾಕಿ, ತಳದ ನಡುವೆ ಟೇಪಿನ ಅಡ್ಡಗೀಟು ಅಂಟಿಸಿದೆ. ನುಣುಪು ಮೈ ಮೇಲೆ ಬಿಟ್ ಜಾರದಿರಲಿ ಅಂತ. ಡ್ರಿಲ್ ನೇರ ಹಿಡಿದು ಶುರು ಮಾಡಿದರೆ ಆ ಕೊಳವೆ ಓಡಾಡುತ್ತದೆ. ಸ್ವಲ್ಪ ಓರೆ ಹಿಡಿದು ಮೊದಲು ಅರ್ಧಚಂದ್ರದ ಗೀರು ಮಾಡಿಕೊಂಡು, ಅದು ಹಿಡಿದ ಮೇಲೆ ನಿಧಾನಕ್ಕೆ ನೇರ ಮಾಡಬೇಕು. ಅಲ್ಲಿ ತನಕ ಚೆನ್ನಾಗೇ ಹೋಯಿತು. ನೀರು ಬಿಡುತ್ತಿದ್ದೆ, ಬೂದು ಬಣ್ಣದ ಕೆಸರು ಹೊರಬರುತ್ತಿತ್ತು. ಐದು ನಿಮಿಷ ಆದಮೇಲೆ ಶಬ್ದ ಬದಲಾಯಿತು, ತೆಳ್ಳಗೆ, ಟೊಳ್ಳಾಗಿ. ಇನ್ನೇನು ಮುಗಿಯಿತು ಅಂತ ಮೈ ಭಾರ ಹಾಕಿ ಒತ್ತಿದೆ.

ಟಕ್.

ತೂತೇನೋ ಆಯಿತು. ಜೊತೆಗೆ ತಳದ ಒಳಮೈಯಿಂದ ಅಂಗೈ ಅರ್ಧದಷ್ಟು ಚಕ್ಕೆ ಎದ್ದು, ಅಲ್ಲಿಂದ ಪಕ್ಕದ ಗೋಡೆಗೆ ಸೀಳು ಓಡಿತ್ತು. 20 ಸೆಂ.ಮೀ. ಕುಂಡದ ಕತೆ ಅಷ್ಟೇ.

ಚಿಕ್ಕದರ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಡ್ರಿಲ್ಲಿನ ಸ್ವಂತ ಭಾರ ಬಿಟ್ಟು ಒಂದು ಗುಲಗಂಜಿಯಷ್ಟೂ ಒತ್ತಲಿಲ್ಲ. ಪ್ರತಿ ಅರ್ಧ ನಿಮಿಷಕ್ಕೆ ಬಿಟ್ ಎತ್ತಿ ನೀರು ತುಂಬಿಸಿದೆ. ಶಬ್ದ ಟೊಳ್ಳಾದ ಕೂಡಲೇ ವೇಗ ಇನ್ನೂ ಇಳಿಸಿದೆ. ಒಂಬತ್ತು ನಿಮಿಷ ಹಿಡಿಯಿತು. ಕೊನೆಗೆ ಗುಂಡಗಿನ ಒಂದು ಬಿಲ್ಲೆ ತಾನಾಗಿಯೇ ಬಿಟ್ಟಿನ ಒಳಗೆ ಕೂತು ಹೊರಬಂತು. ಅದನ್ನು ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಕೊರೆಯುವ ಸಾಹಸ ಬೇಡ ಅನ್ನುವವರು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು, ಅದನ್ನು ಪಿಂಗಾಣಿಯೊಳಗೆ ಇಳಿಸಿದರೆ ಆಯಿತು. ನೀರು ಹಾಕುವಾಗ ಹೊರಗೆ ತೆಗೆದು, ಸೋರಿದ ಮೇಲೆ ವಾಪಸ್. ನಿಜ ಹೇಳಬೇಕಂದರೆ ಇದೇ ಸುಲಭ.

ದಿನ 4

601 ಗ್ರಾಂ. ಎಲೆ ಇನ್ನೂ ಜೋತೇ ಇವೆ. ಮೇಲಿನ ಮಣ್ಣು ಒಣಗಿದ ಹಾಗೆ ಕಂಡಿತು, ಕೈ ಜಗ್ಗಿನ ಕಡೆ ಹೋಯಿತು. ಬಿದಿರಿನ ಕಡ್ಡಿಯನ್ನು ತಳದವರೆಗೂ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದೆ. ಕೆಳಗಿನ ಮುಕ್ಕಾಲು ಭಾಗ ಒದ್ದೆ, ಕಣ ಅಂಟಿದೆ. ನೀರಿಲ್ಲ.

ಮಣ್ಣಿಗೆ ಚುಚ್ಚುವ ತೇವದ ಮೀಟರ್ ಕೂಡ ಇದೆ ನನ್ನ ಹತ್ತಿರ. ಅದನ್ನು ಚುಚ್ಚಿದರೆ 'ಒಣ' ಅಂತ ತೋರಿಸಿತು! ಆ ಅಗ್ಗದ ಮೀಟರುಗಳು ಅಳೆಯುವುದು ನೀರನ್ನಲ್ಲ, ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಮಣ್ಣು ಸಡಿಲ ಇದ್ದರೆ ಕಮ್ಮಿ ತೋರಿಸುತ್ತದೆ, ಗೊಬ್ಬರದ ಉಪ್ಪು ಇದ್ದರೆ ಜಾಸ್ತಿ ತೋರಿಸುತ್ತದೆ. ಡ್ರಾಯರ್ ಒಳಗೆ ಹೋಯಿತು.

ದಿನ 6: ಬೆಳಕು

ನೀರಿನ ತಪ್ಪಿನ ಹಿಂದೆ ಇನ್ನೊಂದು ತಪ್ಪಿತ್ತು ಅಂತ ಹೊಳೆದದ್ದು ಇವತ್ತು. ಗಿಡ ಇದ್ದದ್ದು ಪುಸ್ತಕದ ಕಪಾಟಿನ ಮೇಲೆ, ಕಿಟಕಿಯಿಂದ ನಾಲ್ಕು ಮೀಟರ್ ದೂರ. ನನ್ನ ಕಣ್ಣಿಗೆ ಅದು ಬೆಳಕಿನ ಕೋಣೆಯೇ. ಫೋನಿಗೆ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿ ಅಳೆದೆ. ಕಪಾಟಿನ ಮೇಲೆ 90. ಕಿಟಕಿಯಿಂದ ಒಂದು ಮೀಟರಿನಲ್ಲಿ 1,100. ಕಿಟಕಿಯ ಪಕ್ಕದಲ್ಲೇ, ನೇರ ಬಿಸಿಲು ಬೀಳದ ಕಡೆ, 4,000. ಫೋನಿನ ಲೆಕ್ಕ ನಿಖರ ಅಲ್ಲ, ಆದರೆ 90ಕ್ಕೂ 4,000ಕ್ಕೂ ಇರುವ ಅಂತರ ಕಾಣಲು ಅಷ್ಟು ಸಾಕು. ನೆತ್ತಿ ಮೇಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಮ್ಮ ಕಣ್ಣು ಕತ್ತಲಿಗೆ ತಕ್ಕ ಹಾಗೆ ಹೊಂದಿಕೊಂಡುಬಿಡುತ್ತದೆ. ಎಲೆಗೆ ಆ ಸೌಕರ್ಯ ಇಲ್ಲ.

ಬೆಳಕು ಕಮ್ಮಿ ಆದರೆ ಗಿಡ ಮಾಡುವ ಕೆಲಸ ಕಮ್ಮಿ, ಕುಡಿಯುವ ನೀರೂ ಕಮ್ಮಿ. ಕಿಟಕಿ ಪಕ್ಕ ಇದ್ದಿದ್ದರೆ ನನ್ನ ಲೋಟಗಳಲ್ಲಿ ಅರ್ಧವನ್ನಾದರೂ ಕುಡಿದು ಬದುಕುತ್ತಿತ್ತೇನೋ. ಕಪಾಟಿನ ಮೇಲೆ ಅದೂ ಆಗಲಿಲ್ಲ. 'ವಾರಕ್ಕೆ ಎರಡು ಸಲ ನೀರು' ಅನ್ನುವ ಥರದ ಸಲಹೆಗಳು ಕೆಲಸಕ್ಕೆ ಬಾರದಿರುವುದೂ ಇದಕ್ಕೇ. ಯಾವ ಕುಂಡ, ಯಾವ ಮಣ್ಣು, ಎಷ್ಟು ಬೆಳಕು ಅಂತ ಕೇಳದೆ ವಾರದ ಲೆಕ್ಕ ಹೇಳುವವರನ್ನು ನಾನು ಈಗ ನಂಬುವುದಿಲ್ಲ.

ಮನಿ ಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ಮೊಒರೆಯಾ ದ್ವೀಪ. ಕಾಡಿನಲ್ಲಿ ದೊಡ್ಡ ಮರಗಳನ್ನು ಹತ್ತಿ ಬೆಳೆಯುವ ಬಳ್ಳಿ, ಎಲೆಗಳ ಸಂದಿಯಿಂದ ಸೋಸಿ ಬಂದ ಬೆಳಕು ಅದಕ್ಕೆ ಒಗ್ಗುತ್ತದೆ. 'ಕತ್ತಲಲ್ಲೂ ಬೆಳೆಯುತ್ತದೆ' ಅನ್ನುತ್ತಾರಲ್ಲ, ಅದು ಬೆಳೆಯುವುದಲ್ಲ, ತಡೆದುಕೊಳ್ಳುವುದು. ಕುಂಡವನ್ನು ಕಿಟಕಿಯಿಂದ ಒಂದು ಮೀಟರಿಗೆ ತಂದೆ. ಬೇರು ಕಮ್ಮಿ ಇರುವಾಗ ಒಮ್ಮೆಲೇ 4,000ಕ್ಕೆ ಒಯ್ಯಲು ಧೈರ್ಯ ಬರಲಿಲ್ಲ.

ದಿನ 9

512 ಗ್ರಾಂ. ಬಾಟಲಿಗಳಲ್ಲಿ ಎರಡು ತುಂಡಿಗೆ ಗೆಣ್ಣಿನ ಪಕ್ಕ ಸಾಸಿವೆ ಗಾತ್ರದ ಬಿಳಿ ಗುಳ್ಳೆ. ಬೇರು! ಇನ್ನೊಂದು ತುಂಡಿನ ಬುಡ ಲೋಳೆಯಾಗಿದೆ, ಅದನ್ನು ತೆಗೆದು ಎಸೆದೆ. ಅದು ಮೊದಲ ಬಳ್ಳಿಯದ್ದು, ಕತ್ತರಿಸಿದ ಜಾಗಕ್ಕೆ ಬಹಳ ಹತ್ತಿರದ್ದು. ಎಲ್ಲಾ ಬಾಟಲಿಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದೇನೆ, ಹೊಸ ನೀರಿನಲ್ಲಿ ಕರಗಿದ ಆಮ್ಲಜನಕ ಇರುತ್ತದೆ.

ದಿನ 13

438 ಗ್ರಾಂ. ಕಡ್ಡಿಯ ತುದಿ ಮಾತ್ರ ಸ್ವಲ್ಪ ತೇವ, ಅಂಟಿದ್ದು ಏನೂ ಇಲ್ಲ. ಕುಂಡ ಎತ್ತಿದರೆ ಖಾಲಿ ಡಬ್ಬ ಎತ್ತಿದ ಹಾಗೆ. ಹದಿಮೂರು ದಿನದ ಮೇಲೆ ಮೊದಲ ನೀರು. ಸಿಂಕಿನಲ್ಲಿಟ್ಟು, ಸುತ್ತಲೂ, ತಳದಲ್ಲಿ ಚೆನ್ನಾಗಿ ಸೋರುವವರೆಗೂ ಹಾಕಿದೆ. ಅರ್ಧ ಲೋಟ ಚಿಮುಕಿಸಿ ಬಿಡುವುದು ಸರಿಯಲ್ಲ, ಮೇಲೆ ಒದ್ದೆ ಒಳಗೆ ಒಣ ಅನ್ನುವ ಹಾಗಾಗುತ್ತದೆ. ಹಾಕಿದರೆ ಪೂರ್ತಿ, ಇಲ್ಲವಾದರೆ ಇಲ್ಲ. ಸೋರಿದ ಮೇಲೆ 686. ಕುಂಡದ ಮೇಲೆ ಎರಡನೇ ಅಂಕಿ ಬರೆದೆ: 430. ಇನ್ನು ಮೇಲೆ ತೂಕ ಅಷ್ಟಕ್ಕೆ ಇಳಿದಾಗಲೇ ನೀರು.

ನಾಲ್ಕು ಎಲೆಯಲ್ಲಿ ಮೂರು ಈಗ ನೆಟ್ಟಗೆ ನಿಂತಿವೆ. ಒಂದು ಹಳದಿಯಾಗಿ ಹೋಯಿತು.

ದಿನ 17: ನುಸಿ

ಕುಂಡದ ಸುತ್ತ ಸಣ್ಣ ಕಪ್ಪು ನುಸಿಗಳು. ಮುಟ್ಟಿದರೆ ಹಾರಿ ಮುಖಕ್ಕೇ ಬರುತ್ತವೆ. ಹಸಿ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆ ಇಡುವ ಜಾತಿ, ಎರೆಗೊಬ್ಬರದ ಜೊತೆ ಬಂದಿರಬೇಕು. ದೊಡ್ಡವು ಗಿಡಕ್ಕೆ ಏನೂ ಮಾಡಲ್ಲ. ಮೊಟ್ಟೆಯೊಡೆದು ಬರುವ ಮರಿಹುಳುಗಳು ಜಾಸ್ತಿಯಾದರೆ ಎಳೆ ಬೇರು ತಿನ್ನುತ್ತವೆ, ನನ್ನ ಏಳು ಬೇರಿಗೆ ಅದೂ ದುಬಾರಿ. ಹಳದಿ ಅಂಟುಕಾರ್ಡ್ ಒಂದನ್ನು ಕುಂಡಕ್ಕೆ ಚುಚ್ಚಿದೆ. ಮೊಟ್ಟೆಯಿಂದ ನುಸಿಯಾಗಲು ಮೂರು ನಾಲ್ಕು ವಾರ ಬೇಕು, ಹಾಗಾಗಿ ಒಂದೇ ವಾರಕ್ಕೆ ಕಾರ್ಡ್ ತೆಗೆಯಬಾರದು. ಮೇಲಿನ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು ಅನ್ನುವ ನಿಯಮ ಹೇಗೂ ಇತ್ತು. ಐದನೇ ವಾರಕ್ಕೆ ಕಾರ್ಡಿಗೆ ಹೊಸದು ಬೀಳುವುದು ನಿಂತಿತು.

ದಿನ 24

ಉಳಿದ ಐದು ತುಂಡುಗಳ ಬೇರು ಸುಮಾರು 5 ಸೆಂ.ಮೀ. ಆಗಿದೆ, ಕವಲೂ ಒಡೆದಿವೆ. ತೂತು ಕೊರೆದ ಚಿಕ್ಕ ಪಿಂಗಾಣಿ ಕುಂಡಕ್ಕೆ ಐದನ್ನೂ ಒಟ್ಟಿಗೆ ನೆಟ್ಟೆ. ಒಂದೇ ಬಳ್ಳಿ ನೆಟ್ಟರೆ ಬೋಳು ಬೋಳಾಗಿ ಕಾಣುತ್ತದೆ, ಗುಂಪಾಗಿ ನೆಟ್ಟರೆ ಕುಂಡ ತುಂಬುತ್ತದೆ. ನೀರಿನಲ್ಲಿ ಬೆಳೆದ ಬೇರಿಗೆ ಮಣ್ಣು ಹೊಸದು, ಮೊದಲ ಹತ್ತು ದಿನ ಪೂರ್ತಿ ಒಣಗಲು ಬಿಡಲಿಲ್ಲ.

ಅಕ್ಕನಿಗೆ ಫೋಟೋ ಹೋಯಿತು. "ಕುಂಡದ ಮೇಲೆ ಅದೇನೋ ನಂಬರ್?" ಅಂದಳು. ಹೇಳಿದೆ. "ಗಿಡಕ್ಕೆ ತಕ್ಕಡಿ ಹಿಡಿದವನನ್ನು ಇವತ್ತೇ ನೋಡಿದ್ದು ಕಣೋ" ಅಂತ ನಕ್ಕಳು. ಅವಳು ಕುಂಡ ಎತ್ತಿ ನೋಡಿಯೇ ಹೇಳುತ್ತಾಳೆ. ನನಗೆ ಆ ಕೈ ಇನ್ನೂ ಬಂದಿಲ್ಲ.

ದಿನ 38

ಮೂರನೇ ಬಳ್ಳಿಯ ತುದಿಯಲ್ಲಿ ಸುಳಿ ಬಂದು ಒಂದು ವಾರ ಆಗಿತ್ತು. ಪೆನ್ಸಿಲ್ ಸೀಸದಷ್ಟು ಸಣ್ಣ, ಬಿಗಿಯಾಗಿ ಸುತ್ತಿದ ಹಸಿರು ಕಡ್ಡಿ. ಇವತ್ತು ಬೆಳಿಗ್ಗೆ ಅದರ ಒಂದು ಅಂಚು ಬಿಟ್ಟುಕೊಂಡಿತ್ತು. ಸಂಜೆ ಹೊತ್ತಿಗೆ ಅರ್ಧ ಬಿಚ್ಚಿತು. ಎಲೆ ಇನ್ನೂ ಒದ್ದೆ ಕಾಗದದಷ್ಟು ಮೆತ್ತಗೆ, ಸುತ್ತಿದ್ದ ಗೆರೆಗಳು ಹಾಗೇ ಕಾಣುತ್ತವೆ. ಹಳೇ ಎಲೆಗಿಂತ ಚಿಕ್ಕದು, ಆದರೆ ಹಳದಿ ಪಟ್ಟೆ ಅದಕ್ಕಿಂತ ಎದ್ದು ಕಾಣುತ್ತದೆ. ಬೆಳಕು ಕಮ್ಮಿ ಇದ್ದಾಗ ಈ ಪಟ್ಟೆಗಳು ಮಾಸುತ್ತವೆ. ಕಪಾಟಿನ ಮೇಲೆ ಬಂದ ಎಲೆಗಳೆಲ್ಲ ಹೆಚ್ಚುಕಮ್ಮಿ ಬರೀ ಹಸಿರಾಗಿದ್ದದ್ದು ಈಗ ಅರ್ಥವಾಗುತ್ತಿದೆ.

ದಿನ 45

ಗೊಬ್ಬರ. ಪ್ಯಾಕೆಟ್ ಮೇಲೆ ಹೇಳಿದ್ದರಲ್ಲಿ ಅರ್ಧ ಅಳತೆ, ನೀರಿಗೆ ಕಲಸಿ, ಮಣ್ಣು ಸ್ವಲ್ಪ ತೇವ ಇರುವಾಗ. ಗಿಡ ಸೊರಗಿದ್ದಾಗ ಗೊಬ್ಬರ ಹಾಕಲು ಯಾರಿಗಾದರೂ ಮನಸ್ಸಾಗುತ್ತದೆ, ಆದರೆ ಬೇರಿಲ್ಲದ ಗಿಡಕ್ಕೆ ಅದು ಬರೀ ಉಪ್ಪು. ಹೊಸ ಎಲೆ ಬಂದ ಮೇಲೆ ಸಾಕು.

ಮನೆಗೆ ಬಂದ ಗೆಳೆಯ ಒಬ್ಬ, "ಮಲಗುವ ಕೋಣೇಲಿ ಇಡು, ಗಾಳಿ ಶುದ್ಧ ಮಾಡುತ್ತೆ" ಅಂದ. ಈ ಮಾತಿನ ಮೂಲ 1989ರ ನಾಸಾ ವರದಿ. ಆ ಪರೀಕ್ಷೆ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಮಾಮೂಲಾಗಿ ಆಡುವ ಗಾಳಿ ಮಾಡುವಷ್ಟು ಕೆಲಸ ಮಾಡಲು ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಬಂತು. ಕಿಟಕಿ ತೆಗೆದರೆ ಆಯಿತಪ್ಪಾ ಅಂದೆ. ಗಿಡ ಇದ್ದಲ್ಲೇ ಇದೆ.

ದಿನ 60

ಪ್ಲಾಸ್ಟಿಕ್ ಕುಂಡದಲ್ಲಿ ಈಗ ಐದು ಎಲೆ, ಆರನೆಯದರ ಸುಳಿ. ತಳದ ಒಂದು ತೂತಿನಲ್ಲಿ ಬಿಳಿ ಬೇರಿನ ತುದಿ ಇಣುಕಿದೆ. 690ರಿಂದ 430ಕ್ಕೆ ಇಳಿಯಲು ಮೊದಲು ಹದಿಮೂರು ದಿನ ಬೇಕಿತ್ತು, ಆಮೇಲೆ ಒಂಬತ್ತಾಯಿತು, ಹಿಂದಿನ ಸಲ ಏಳು. ಪಿಂಗಾಣಿ ಕುಂಡದ ಐದು ತುಂಡುಗಳಲ್ಲಿ ಮೂರು ಚಿಗುರಿವೆ, ಎರಡು ಏನೂ ಮಾಡದೆ ಸುಮ್ಮನೆ ಹಸಿರಾಗಿ ನಿಂತಿವೆ.

ಇವತ್ತು ಬೆಳಿಗ್ಗೆ ತೂಗಿದೆ. 468. ನಾಳೆ ನೋಡೋಣ.